ಮೃತರ ಹೆಸರಿಗೆ ಮತಚೀಟಿ ಹಾಕುವುದನ್ನು ನಿರ್ಬಂಧಿಸುವ ಬಗ್ಗೆ

ಪಕ್ಷದ ವಾರ್ಡ್ ಸಮಿತಿ, ಹೋಲ್ಡನ್ ಕ್ರೀಕ್, ಅಯೋವಾ
ಸಂಖ್ಯೆ: ವಾಸ/ಅಭ್ಯರ್ಥಿ/41/ಮರುಸಭೆ
ದಿನಾಂಕ: ಜನವರಿ 18

ವಿಷಯ: ದೇಶದ ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಭೆಯಲ್ಲಿ ಬದುಕಿರುವವರ ಹೆಸರನ್ನೇ ಬರೆಯುವ ಕುರಿತು.

ಉಲ್ಲೇಖ: 1. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಕಳೆದ ಸೋಮವಾರ ನಡೆದ ಸಭೆಯ ನಡವಳಿ. 2. ಜಿಲ್ಲಾ ಸಮಿತಿಯ ಪತ್ರ (ಕೋಪದ್ದು).

ಸದರಿ ಸಭೆಯಲ್ಲಿ ಬಿದ್ದ 63 ಚೀಟಿಗಳಲ್ಲಿ ಪಕ್ಷದ ಐವರು ಅಭ್ಯರ್ಥಿಗಳಿಗೆ ಒಟ್ಟು 22 ಬಂದಿರುತ್ತವೆ. ಉಳಿದ 41 ಚೀಟಿಗಳು ಶ್ರೀಮತಿ ಆರ್ಡಿಸ್ ಹೌಗ್ಲಂಡ್ ಅವರಿಗೆ ಬಂದಿರುತ್ತವೆ. ಸದರಿಯವರು ಮೂವತ್ತನಾಲ್ಕು ವರ್ಷ ಈ ಸಭೆಗೆ ಕಾಫಿ ಮಾಡಿ, ಕಳೆದ ಅಕ್ಟೋಬರಿನಲ್ಲಿ ದೇವರ ಪಾದ ಸೇರಿರುತ್ತಾರೆ. ಸ್ಪರ್ಧಿಸುವ ಇಚ್ಛೆಯನ್ನು ಅವರು ಎಂದೂ ವ್ಯಕ್ತಪಡಿಸಿರುವುದಿಲ್ಲ.

ಜನವರಿ 29ರ ಮರುಸಭೆಯಲ್ಲಿಯೂ ಹೀಗೆಯೇ ಆದಲ್ಲಿ ನಮ್ಮ ಊರಿನ ಸಭೆಯನ್ನು ರದ್ದುಗೊಳಿಸಿ, ಎಲ್ಲರನ್ನೂ ಇಪ್ಪತ್ತಾರು ಮೈಲಿ ದೂರದ ಪಕ್ಕದ ಊರಿಗೆ ಸೇರಿಸಲಾಗುವುದೆಂದು ಜಿಲ್ಲಾ ಸಮಿತಿ ತಿಳಿಸಿದೆ. ಅಲ್ಲಿ ಪುಡಿ ಕದಡಿದ ಕಾಫಿ ಕೊಡುತ್ತಾರೆ. ಆದ್ದರಿಂದ ಸದಸ್ಯರೆಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಚೀಟಿಯಲ್ಲಿ ಜೀವಂತ ವ್ಯಕ್ತಿಯ ಹೆಸರನ್ನೇ ಬರೆಯತಕ್ಕದ್ದು. ಎರಡನೇ ಅಭ್ಯರ್ಥಿ ಜೀವಂತವಿರುವ ಬಗ್ಗೆ ಸಭೆಯಲ್ಲಿ ಸಂಶಯ ವ್ಯಕ್ತವಾಗಿತ್ತು. ಟಿ.ವಿ.ಯಲ್ಲಿ ಅವರು ಎರಡು ಬಾರಿ ಕಣ್ಣು ಮಿಟುಕಿಸಿದ್ದನ್ನು ಪಾದ್ರಿಗಳು ದೃಢಪಡಿಸಿರುವುದರಿಂದ ಸಂಶಯವನ್ನು ಮುಕ್ತಾಯಗೊಳಿಸಲಾಗಿದೆ.

2. ಅಭ್ಯರ್ಥಿಗಳನ್ನು ತಿರಸ್ಕರಿಸಲು ನೀಡಲಾದ ಕಾರಣಗಳನ್ನು ಪರಿಶೀಲಿಸಲಾಗಿದೆ. ಶ್ರೀಮತಿ ಲವೋನ್ ಬ್ರಾಂಡ್ಸ್ಮಾ: "ಮೊದಲನೇವ್ನು ನಮ್ಮನೇಲಿ ಪ್ರಾರ್ಥನೆ ಮುಗಿಯೋಕೆ ಮುಂಚೇನೇ ಆಲೂಗಡ್ಡೆ ಬಾಯಿಗೆ ಹಾಕ್ಕೊಂಡ. ಆಮೆನ್ ಅಂದಿದ್ದು ಬಾಯ್ತುಂಬ ಇಟ್ಕೊಂಡೇ." ಹಂದಿ ಸಾಕಣೆಯ ಶ್ರೀ ಡುವೇನ್ ಕ್ಲಾಸೆನ್: "ಮರೀನ ಕಿವಿ ಹಿಡಿದು ಎತ್ತಿದ ಕಣ್ರಿ ಮೂರನೇವ್ನು. ಹಂದಿಮರಿ ಹಿಡಿಯೋಕೆ ಬರದವನ ಕೈಗೆ ದೇಶ ಕೊಡ್ಬೇಕಾ?" ನಾಲ್ಕನೆಯವರು ರೈತರ ಅಂಗಿಯನ್ನು ಬೆಲೆಚೀಟಿಯ ಸಮೇತ ಧರಿಸಿದ್ದರು. ಐದನೆಯವರ ಬಗ್ಗೆ ಯಾರಿಗೂ ಏನೂ ನೆನಪಿರುವುದಿಲ್ಲ. ಕಾರಣಗಳೆಲ್ಲವೂ ಸತ್ಯವೆಂದು ಕಂಡುಬಂದಿದ್ದು, ಆದಾಗ್ಯೂ ಇವರಲ್ಲಿಯೇ ಒಬ್ಬರನ್ನು ಆರಿಸತಕ್ಕದ್ದು.

3. ನಿಟ್ಟುಸಿರು ಅಭ್ಯರ್ಥಿಯೊಬ್ಬರಿಗೆ ಒಂದರಂತೆ ಐದಕ್ಕೆ ಮೀರತಕ್ಕದ್ದಲ್ಲ. ಹೆಚ್ಚುವರಿ ನಿಟ್ಟುಸಿರುಗಳನ್ನು ವಾಹನ ನಿಲುಗಡೆಯ ಜಾಗದಲ್ಲಿ ಬಿಡತಕ್ಕದ್ದು.

4. ಸಮಿತಿಯ ಅಧ್ಯಕ್ಷರನ್ನು ಉದ್ದೇಶಿಸಿ ಶ್ರೀ ಆರ್ಲೆನ್ ವಾಸ್ ಅವರ ಆಕ್ಷೇಪಣೆ: "ದೇಶದ ಅಧ್ಯಕ್ಷರಾಗೋಕೆ ಬೇಕಾದ ಮೂವತ್ತೈದು ವರ್ಷ ಆರ್ಡಿಸ್‌ಗೆ ದಾಟಿತ್ತು, ಇಲ್ಲೇ ಹುಟ್ಟಿದ್ಳು, ಊರು ಬಿಟ್ಟು ಎಲ್ಲೂ ಹೋಗ್ಲಿಲ್ಲ, ಇನ್ಮುಂದೆ ಹೋಗೋದೂ ಇಲ್ಲ. ಉಸಿರಾಡ್ತಿರಬೇಕು ಅಂತ ಸಂವಿಧಾನದಲ್ಲಿ ಎಲ್ಲಿದೆ, ತೋರಿಸಯ್ಯ ವರ್ಲಿನ್." ಸಂವಿಧಾನವನ್ನು ಮೂರು ಬಾರಿ ಓದಲಾಯಿತು. ಸಿಗಲಿಲ್ಲ. ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.

5. ದಿವಂಗತರ ಕಾಫಿ ಹಂಡೆಯನ್ನು ನೋಡಿ ಮತದಾರರ ಮನಸ್ಸು ಬದಲಾಗುತ್ತಿರುವುದರಿಂದ ಹಂಡೆಗೆ ಬಟ್ಟೆ ಮುಚ್ಚತಕ್ಕದ್ದು. ಬಟ್ಟೆಯೂ ಅವರೇ ಹೊಲಿದದ್ದಾದ್ದರಿಂದ ಅದರ ಮೇಲೆ ಮತ್ತೊಂದು ಬಟ್ಟೆ ಮುಚ್ಚತಕ್ಕದ್ದು.

6. ಕಾಫಿ ತಿಳಿಯಾಗಲೆಂದು ಪುಡಿಗೆ ಮೊಟ್ಟೆ ಕಲಸಿ ಕುದಿಸುವುದು ಈ ಚರ್ಚಿನ ಪದ್ಧತಿ. ಈ ಬಾರಿ ಸಮಿತಿಯ ಅಧ್ಯಕ್ಷರು ಕಾಫಿ ಮಾಡಿದ್ದು, ಲೋಟಗಳಲ್ಲಿ ಮೊಟ್ಟೆಯ ತುಣುಕುಗಳು ತೇಲುತ್ತಿದ್ದವು. ಮೊದಲ ಗುಟುಕಿನ ನಂತರವೇ ಚೀಟಿಗಳನ್ನು ಬರೆಯಲಾಗಿದೆ ಎಂಬುದನ್ನು ಜಿಲ್ಲಾ ಸಮಿತಿಯು ದಯವಿಟ್ಟು ಗಮನಿಸತಕ್ಕದ್ದು.

7. ನಲವತ್ತೊಂದು ಚೀಟಿಗಳ ಪೈಕಿ ಒಂದರಲ್ಲಿ ಪೂರ್ಣ ಹೆಸರಿಲ್ಲದೆ 'ಆರ್ಡಿ' ಎಂದಷ್ಟೇ ಪೆನ್ಸಿಲಿನಲ್ಲಿ ಬರೆಯಲಾಗಿದೆ. ಹಾಗೆ ಕರೆಯುತ್ತಿದ್ದವರು ಈ ಊರಿನಲ್ಲಿ ಒಬ್ಬರೇ. ಸದರಿ ವ್ಯಕ್ತಿಯನ್ನು ವಿಚಾರಿಸಲಾಗಿ, ಐದು ಹೆಸರುಗಳನ್ನೂ ಪ್ರಾರ್ಥನಾಪೂರ್ವಕವಾಗಿ ಓದಿದರೂ ಕೈ ಬೇರೆ ಹೆಸರನ್ನು ಬರೆಯಲಿಲ್ಲವೆಂದು ತಿಳಿಸಿರುತ್ತಾರೆ. ಅವರ ಮೇಲೆ ಕ್ರಮ ಕೈಗೊಂಡಲ್ಲಿ ಮರುಸಭೆಯ ಅಧ್ಯಕ್ಷತೆ ವಹಿಸಲು ಬೇರೆ ಯಾರೂ ಇರುವುದಿಲ್ಲ. ಆದ್ದರಿಂದ ಕ್ರಮ ಕೈಬಿಡಲಾಗಿದೆ. ಊರಿನ ಸಭೆ ಉಳಿಯುವ ಸಲುವಾಗಿ 29ರಂದು ಅವರು ಮೊದಲಿಗರಾಗಿ ಬದುಕಿರುವವರೊಬ್ಬರ ಹೆಸರನ್ನು ಬರೆಯುವರು. ಯಾರದ್ದೆಂದು ದೇವರಿಂದ ಇನ್ನೂ ಸೂಚನೆ ಬಂದಿರುವುದಿಲ್ಲ.

ಸಹಿ/-
(ವರ್ಲಿನ್ ಹೌಗ್ಲಂಡ್)
ಅಧ್ಯಕ್ಷರು, ಹಾಗೂ ಅಕ್ಟೋಬರಿನಿಂದ ಕಾಫಿಯ ಹೆಚ್ಚುವರಿ ಪ್ರಭಾರ

ಪ್ರತಿಗಳು:
1. ಜಿಲ್ಲಾ ಸಮಿತಿಗೆ, ಶಾಂತಚಿತ್ತದಿಂದ ಓದಲು.
2. ಐವರು ಅಭ್ಯರ್ಥಿಗಳಿಗೆ, ಮಾಹಿತಿಗಾಗಿ. ಖುದ್ದು ಬರುವ ಅಗತ್ಯವಿಲ್ಲ.
3. ಪಾದ್ರಿಗಳಿಗೆ, ನೆಲಮಾಳಿಗೆಯ ಬಾಗಿಲಿಗೆ ಅಂಟಿಸಲು.
4. ಶ್ರೀಮತಿ ಆರ್ಡಿಸ್ ಹೌಗ್ಲಂಡ್ ಅವರಿಗೆ, ಚರ್ಚಿನ ಹಿತ್ತಲು, ಮೂರನೇ ಸಾಲು. ಭಾನುವಾರದ ಆರಾಧನೆಯ ನಂತರ ಸಹಿದಾರರಿಂದ ಖುದ್ದಾಗಿ ಓದಿ ಹೇಳಲಾಗುವುದು. ಅರವತ್ತಮೂರು ಜನರ ಕಾಫಿಗೆ ಎಷ್ಟು ಮೊಟ್ಟೆ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಿ.