ಗುಣವಾದವನ ಗೋಳು

ಜುಲೈ ನಾಲ್ಕರ ಬೆಳಿಗ್ಗೆ ಡಾರೆಲ್ ಸ್ಟ್ರೂಬ್ ಬಾಗಿಲು ತೆಗೆದಾಗ ಅದಕ್ಕೊಂದು ಹಳದಿ ಚೀಟಿ ಅಂಟಿಕೊಂಡಿತ್ತು. "ನಮ್ಮ ಬೀದಿಯ ಯೋಧ ಡಾರೆಲ್‌ನ ನೆಮ್ಮದಿಗಾಗಿ ಇವತ್ತು ಯಾರೂ ಪಟಾಕಿ ಹೊಡೆಯಬಾರದು. ಬಾಗಿಲು ಬಡಿಯಬಾರದು. ಜೋರಾಗಿ ಸೀನಬಾರದು." ಕೆಳಗೆ ಆಗ್ನೆಸ್ ಟಿಲ್ಮನ್ ಅವರ ದುಂಡನೆಯ ಸಹಿ. ಎದುರುಮನೆಯ ಈ ನಿವೃತ್ತ ಟೀಚರ್ ಬೀದಿಯ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಕ್ಯಾನ್ಸಸ್‌ನ ಆ ಪುಟ್ಟ ಊರಿನಲ್ಲಿ ಅವರ ಮಾತು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. ಪಟಾಕಿಯಿಂದ ಅದುರಬೇಕಾದ ಅಮೆರಿಕದ ಸ್ವಾತಂತ್ರ್ಯದ ದಿನ, ಇಡೀ ಬೀದಿ ಪರೀಕ್ಷೆ ನಡೆಯುವ ಕೊಠಡಿಯ ಹಾಗೆ ಉಸಿರು ಬಿಗಿಹಿಡಿದು ಕೂತಿತ್ತು.

ಒಂದು ವರ್ಷದ ಹಿಂದಾಗಿದ್ದರೆ ಡಾರೆಲ್ ಆ ಚೀಟಿಗೆ ಮುತ್ತಿಡುತ್ತಿದ್ದ. ಇರಾಕಿನಿಂದ ಮರಳಿ ಹದಿನೆಂಟು ವರ್ಷವಾದರೂ ಯುದ್ಧ ಅವನ ತಲೆಯೊಳಗೆ ಬಿಡಾರ ಹೂಡಿತ್ತು. ಎಲ್ಲೋ ಟಯರು ಢಮ್ಮೆಂದರೆ ಸಾಕು, ಇವನು ಇದ್ದಲ್ಲೇ ನೆಲಕ್ಕೆ ಬೀಳುತ್ತಿದ್ದ. ಹೆಂಡತಿ ರೋಶೆಲ್ ಓಡಿಬಂದು ತಬ್ಬಿ ಕೂರಬೇಕಿತ್ತು.

ಈ ವಸಂತದಲ್ಲಿ ಆಸ್ಪತ್ರೆಯವರು ಅಯಸ್ಕಾಂತದ ಚಿಕಿತ್ಸೆ ಶುರುಮಾಡಿದರು. ವಾರಕ್ಕೆ ಐದು ದಿನದಂತೆ ಆರು ವಾರ. ಕುರ್ಚಿಯಲ್ಲಿ ಕೂರಿಸಿ, ತಲೆಗೊಂದು ತಂತಿಯ ಸುರುಳಿ ತಾಗಿಸಿ ಗುಂಡಿ ಒತ್ತಿದರೆ ಮರಕುಟಿಗ ಕುಕ್ಕಿದ ಹಾಗೆ ಟಕಟಕಟಕ. ನಾಲ್ಕನೆಯ ವಾರ ಡಾರೆಲ್ ಬೆಳಗಿನವರೆಗೂ ನಿದ್ದೆ ಮಾಡಿದ. ಆರನೆಯ ವಾರ ಬೆನ್ನ ಹಿಂದೆಯೇ ಬಾಣಲೆ ಬಿದ್ದಾಗ "ಒಡೀತಾ?" ಎಂದು ಕೇಳಿ ಕಾಫಿ ಹೀರಿದ. ಈ ಸಲ ಎಲ್ಲರ ಹಾಗೆ ಬೀದಿಯಲ್ಲಿ ನಿಂತು ಹಬ್ಬ ನೋಡಬೇಕು ಅಂತ ತಿಂಗಳಿಂದ ಕಾದಿದ್ದ.

"ಹೋಗಿ ಹೇಳ್ಬಿಟ್ಟು ಬರ್ತೀನಿ" ಎಂದ.

"ಬಿಡೋ, ಪಾಪ, ಒಳ್ಳೇ ಮನಸ್ಸಿಂದ ಮಾಡಿದಾರೆ. ಒಂದಿನ ಸದ್ದಿಲ್ದೆ ಇದ್ರೆ ಏನೀಗ?" ಎಂದಳು ರೋಶೆಲ್. ಅವನು ಆಗಲೇ ರಸ್ತೆ ದಾಟಿದ್ದ.

"ಟೀಚರ್, ನಂಗೆ ಗುಣ ಆಗಿದೆ."

ಆಗ್ನೆಸ್ ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ ಮಗಾ, ಮೆಲ್ಲಗೆ."

"ಯಾಕೆ ಮೆಲ್ಲಗೆ? ಎಷ್ಟು ಗಲಾಟೆ ಆದ್ರೂ ನಂಗೇನೂ ಆಗಲ್ಲ ಅಂತಿದೀನಿ!"

"ನೋಡಿದ್ಯಾ, ಕೂಗಾಡ್ತಿದೀಯ. ಇದೇ ಲಕ್ಷಣ. ನಾನು ಓದಿದೀನಿ." ಅವರು ಅವನ ಕೈಗೆ ಒಂದು ಬಟ್ಟಲು ಆಲೂಗಡ್ಡೆ ಸಲಾಡ್ ಇಟ್ಟು, ಸದ್ದಾಗದಂತೆ ಬಾಗಿಲು ಹಾಕಿಕೊಂಡರು.

ಪಕ್ಕದ ಮನೆಯ ಮಾರ್ವಿನ್ ಅಂಗಳದಲ್ಲಿ ಮಾಂಸ ಸುಡುತ್ತಿದ್ದ. ಎಮ್ಮೆಯಂಥ ಆಳು, ತುದಿಗಾಲಲ್ಲಿ ಓಡಾಡುತ್ತಿದ್ದ. ಒಲೆಯ ಮುಚ್ಚಳ ಸದ್ದು ಮಾಡೀತೆಂದು ಅದಕ್ಕೆ ಟವೆಲ್ ಸುತ್ತಿದ್ದ.

"ಏನೋ ಮಾರ್ವಿನ್ ಇದು, ಮುಚ್ಚಳಕ್ಕೆ ಚಳೀನಾ?"

"ಟೀಚರ್ ಹೇಳಿದಾರೆ ಮಾರಾಯ."

"ನೋಡಿಲ್ಲಿ" ಎಂದು ಡಾರೆಲ್ ಟವೆಲ್ ಕಿತ್ತು, ಮುಚ್ಚಳವನ್ನು ಸಿಮೆಂಟಿನ ಮೇಲೆ ಎತ್ತಿಹಾಕಿದ. ಠಣ್! ಡಾರೆಲ್‌ನ ರೆಪ್ಪೆಯೂ ಅಲುಗಲಿಲ್ಲ. ಆದರೆ ಮಾರ್ವಿನ್ "ನಾನಿದೀನಿ ಕಣೋ!" ಎಂದು ಅರಚಿ, ಅವನನ್ನು ಕಾಪಾಡಲು ಮೈಮೇಲೆ ಹಾರಿದ. ಇಬ್ಬರೂ ಊಟದ ಮೇಜಿನ ಮೇಲೆ ಬಿದ್ದರು, ಮೇಜು ಮುರಿಯಿತು, ಕೆಚಪ್ ಶೀಶೆ ಡಾರೆಲ್‌ನ ಎದೆಯ ಮೇಲೆ ಪಿಚಕ್ಕೆಂದಿತು. ಕಿಟಕಿಯಿಂದ ಕೆಂಪು ಕಂಡ ಆಗ್ನೆಸ್ ಫೋನ್ ಎತ್ತಿದರು.

ಆಂಬುಲೆನ್ಸ್ ಬಂತು. ಸೈರನ್ ಹಾಕಕೂಡದೆಂದು ಟೀಚರ್ ತಾಕೀತು ಮಾಡಿದ್ದರಿಂದ ಬೆಕ್ಕಿನ ಹಾಗೆ ಬಂದು ನಿಂತಿತು. ಅದರಲ್ಲಿದ್ದ ಹೆಂಗಸು ಎದೆಯ ಕೆಂಪನ್ನು ಬೆರಳಲ್ಲಿ ಮುಟ್ಟಿ ಮೂಸಿದಳು. ಆಮೇಲೆ ನಾಡಿ ಹಿಡಿದಳು.

"ತುಂಬಾ ಜೋರಾಗಿ ಹೊಡ್ಕೊಳ್ತಿದೆ ಸಾರ್."

"ಇನ್ನೂರೈವತ್ತು ಪೌಂಡಿನ ಮನುಷ್ಯ ನನ್ಮೇಲೆ ಬಿದ್ದಿದಾನೆ ಕಣಮ್ಮಾ!"

"ಸಿಟ್ಟೂ ಇದೆ" ಎಂದು ಆಕೆ ಕಾಗದದಲ್ಲಿ ಬರೆದುಕೊಂಡಳು. ಸುತ್ತ ನೆರೆದವರು ಮರುಕದಿಂದ ತಲೆಯಾಡಿಸಿದರು. ಇವಳ ಕೈಯಿಂದ ಬಿಡಿಸಿಕೊಳ್ಳಲು ಡಾರೆಲ್‌ಗೆ ಮುಕ್ಕಾಲು ಗಂಟೆ ಹಿಡಿಯಿತು.

ಇನ್ನು ತಡೆಯಲಾಗಲಿಲ್ಲ. ಗಾಡಿ ಹತ್ತಿ ಹೆದ್ದಾರಿಯ ಪಕ್ಕದ ಪಟಾಕಿ ಡೇರೆಗೆ ಹೋದ. ಇದ್ದುದರಲ್ಲೇ ಉದ್ದದ ಸರ ತಂದು, ಮಧ್ಯಾಹ್ನ ನಾಲ್ಕರ ಬಿಸಿಲಿನಲ್ಲಿ ನಡುರಸ್ತೆಯಲ್ಲಿ ಹಾವಿನಂತೆ ಹಾಸಿದ.

"ಎಲ್ಲಾ ಬನ್ರಪ್ಪಾ! ಕಣ್ಣಾರೆ ನೋಡಿ!"

ಕಡ್ಡಿ ಗೀರಿ ಹಚ್ಚಿ, ಕೈಕಟ್ಟಿ ನಿಂತ. ಪಟಪಟ ಢಮಢಮ ಎಂದು ಬೀದಿ ಅದುರಿತು. ಡಾರೆಲ್ ಕದಲಲಿಲ್ಲ. ಮೂಗಿಗೆ ಮದ್ದಿನ ವಾಸನೆ ಹೊಡೆಯಿತು. ಅದು ಬರೀ ಪಟಾಕಿಯ ವಾಸನೆಯಾಗಿತ್ತು, ಬೇರೇನೂ ಅಲ್ಲ. ಅವನ ಕಣ್ಣಲ್ಲಿ ನೀರು ಬಂತು. ಹೊಗೆ ತಿಳಿಯಾದಾಗ ಮೊದಲು ಆಗ್ನೆಸ್, ಆಮೇಲೆ ಇಡೀ ಬೀದಿ ಚಪ್ಪಾಳೆ ತಟ್ಟಿತು. "ಹಾಗಾದ್ರೆ ತೆಗೀರೋ!" ಎಂದು ಮಾರ್ವಿನ್ ಕೂಗಿದ್ದೇ ತಡ, ಮನೆಮನೆಯಿಂದ ಬಚ್ಚಿಟ್ಟ ಪೆಟ್ಟಿಗೆಗಳು ಹೊರಬಂದವು.

ಡಾರೆಲ್ ಹೆಮ್ಮೆಯಿಂದ ಹೆಂಡತಿಯತ್ತ ತಿರುಗಿದ. ಜಗಲಿಯಲ್ಲಿ ಅವಳಿರಲಿಲ್ಲ.

ಅಡುಗೆಮನೆಯ ಮೇಜಿನ ಕೆಳಗೆ ರೋಶೆಲ್ ಮುದುಡಿ ಕೂತಿದ್ದಳು. ಎರಡೂ ಕೈ ಕಿವಿಯ ಮೇಲೆ. ಹಲ್ಲು ಕಟಕಟ ಎನ್ನುತ್ತಿತ್ತು.

"ರೋಶೆಲ್! ಏನಾಯ್ತೇ?"

"ಗೊತ್ತಿಲ್ಲ... ಎಲ್ಲಿ ಸದ್ದಾದ್ರೂ ನಿಂಗೇನೋ ಆಯ್ತು ಅಂತ ಹದಿನೆಂಟು ವರ್ಷ ಓಡಿ ಓಡಿ..." ಹೊರಗೆ ಒಂದು ಢಂ ಎಂದಿತು. ಅವಳು ಅವನ ಅಂಗಿ ಹಿಡಿದು ಕೆಳಗೆಳೆದಳು. "ನಿಂಗೆ ಹೋಯ್ತು ಕಣೋ. ನಂಗೆ ಹೋಗ್ಲಿಲ್ಲ."

ಪ್ರತಿ ಸಲ ತಾನು ನೆಲಕ್ಕೆ ಬಿದ್ದಾಗ ಅವಳು ಎಲ್ಲಿ ಬೀಳುತ್ತಿದ್ದಳೆಂದು ಅವನು ಒಮ್ಮೆಯೂ ನೋಡಿರಲಿಲ್ಲ.

"ಹೋಗಿ ನಿಲ್ಸಿ ಅಂತ ಹೇಳ್ತೀನಿ" ಎಂದ.

"ನನ್ ಹೆಸರು ಹೇಳ್ಬೇಡ" ಎಂದಳು. "ಟೀಚರ್ ನನ್ನನ್ನೂ ಹಾಗೆ ನೋಡೋದು ಬೇಡ. ದಮ್ಮಯ್ಯ."

ಡಾರೆಲ್ ಬಾಗಿಲ ಬಳಿ ಒಂದು ಕ್ಷಣ ನಿಂತ. ಆಮೇಲೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಮೊಣಕಾಲು ಬಗ್ಗಿಸಿ, ಬೀದಿಗೆ ಓಡಿದ.

"ನಿಲ್ಸ್ರೋ! ನಿಲ್ಸಿ! ನನ್ ಕೈಲಿ ಆಗ್ತಿಲ್ಲ!"

ಒಂದೇ ಗಳಿಗೆಗೆ ಎಲ್ಲ ಸದ್ದು ಅಡಗಿತು. ಮಾರ್ವಿನ್ ಹೊತ್ತಿದ ಬತ್ತಿಯನ್ನು ಬರಿಗೈಯಲ್ಲಿ ಚಿವುಟಿದ. ಆಗ್ನೆಸ್ ಕಂಬಳಿ ತಂದು ಜುಲೈ ಸೆಖೆಯಲ್ಲಿ ಡಾರೆಲ್‌ನ ಹೆಗಲಿಗೆ ಹೊದಿಸಿದರು.

"ನಾನು ಬೆಳಿಗ್ಗೇನೇ ಹೇಳ್ಲಿಲ್ವಾ ಮಗಾ?" ಎಂದು ಪಿಸುಗುಟ್ಟಿದರು. "ನಾಳೇನೇ ಆ ಡಾಕ್ಟರಿಗೆ ಫೋನ್ ಮಾಡು. ಇನ್ನೊಂದು ಆರು ವಾರ ಬೇಕೇ ಬೇಕು."

"ಬೇಕು ಟೀಚರ್" ಎಂದ ಡಾರೆಲ್, ಬೆವರು ಸುರಿಸುತ್ತ, ತನ್ನ ಅಡುಗೆಮನೆಯ ಕಿಟಕಿಯತ್ತ ನೋಡುತ್ತ. ಅದೊಂದು ಮಾತನ್ನು ಮಾತ್ರ ಅವನು ಮನಸ್ಸಿನಿಂದಲೇ ಹೇಳಿದ್ದ.