ಕರಿ ಪರದೆಯ ಮೊಮ್ಮಗಳು

ನಮ್ಮ ಮೊಮ್ಮಗಳಿಗೆ ಬೆಳಕು ಕಂಡರಾಗದು. ಗೂಬೆಯೇನಲ್ಲ, ಚಿಕ್ಕೇರೂರಿನಿಂದ ಹಿರೇಕೆರೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಬಂಗಾರದಂಥ ಹುಡುಗಿ! ಆದರೆ ಫೋನು ಕೈಗೆ ಸಿಕ್ಕಿತೋ, ಪರದೆಯನ್ನು ರೊಟ್ಟಿ ಹಂಚಿನ ತಳದಂತೆ ಕಪ್ಪು ಮಾಡಿಬಿಡುತ್ತಾಳೆ. ಅವಳಪ್ಪನ ಫೋನು ಕಪ್ಪು, ಅವ್ವನದು ಕಪ್ಪು, ಕೊನೆಗೆ ನನ್ನದೂ ಕಪ್ಪು! ಇದಕ್ಕೆ ಡಾರ್ಕ್ ಮೋಡ್ ಎನ್ನುತ್ತಾರಂತೆ. ನನಗೇನು ಗೊತ್ತು? ಚಾರ್ಜು ಇಳಿದಿದೆಯೆಂದು ಮುಂಜಾನೆಯೆಲ್ಲ ವಾಯರು ಸಿಕ್ಕಿಸಿಕೊಂಡು ಕಾದು ಕುಳಿತಿದ್ದೆ.

"ಅಜ್ಜಾ, ಚಾರ್ಜ್ ಐತಿ. ಅದು ಇರೋದ ಹಂಗ. ಕಣ್ಣಿಗೆ ತಂಪು."

"ಯಾರ ಕಣ್ಣಿಗವ್ವಾ? ನನ್ನ ಕಣ್ಣಿಗೆ ಅಮಾಸಿ!"

ನೀವೇ ಹೇಳಿ, ಬಿಳಿ ಹಾಳೆಯ ಮೇಲೆ ಕರಿ ಅಕ್ಷರ ಓದಿ ಯಾರ ಕಣ್ಣು ಹೋಗಿದೆ? ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಒಂದೊಂದು ಅಕ್ಷರಕ್ಕೂ ಬೆರಳಿಟ್ಟೇ ಓದಬೇಕು. ಕರಿ ಪರದೆಯಲ್ಲಿ ಬಿಳಿ ಅಕ್ಷರಗಳು ಹೊಗೆಯಾಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮಂಜಿನಲ್ಲಿ ನಿಂತ ಕುರಿಗಳ ಹಾಗೆ!

ಇದನ್ನೂ ಸಹಿಸಬಹುದಿತ್ತು. ಅಷ್ಟರಲ್ಲಿ ಈ ಪೋರಿ ತನ್ನದೇ ಒಂದು ವೆಬ್‌ಸೈಟ್ ಮಾಡಿದಳು. ಅದರಲ್ಲಿ ಮೊದಲ ಬರಹ ಯಾರ ಮೇಲೆ? ನನ್ನ ಮೇಲೆ! ನಾನು ಹಂಸಭಾವಿಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾಲದ ಕಥೆ. ಊರೆಲ್ಲ ಓದಿತು.

"ಅಜ್ಜಾರ, ಎತ್ತು ನಿಮ್ಮನ್ನ ಬಿಟ್ಟು ತಾವ ಮನಿಗೆ ಬಂದಿದ್ದುವಂತ?" ಎಂದು ಚಹಾದಂಗಡಿಯಲ್ಲಿ ನಗುತ್ತಾರೆ. ಹಿಗ್ಗಿಗೆ ಅಂಗಿಯ ಗುಂಡಿ ಕಿತ್ತು ಬರುವುದೊಂದು ಬಾಕಿ! ಆದರೆ ಓದದೆ ಉಳಿದವನು ನಾನೊಬ್ಬನೇ. ಪುಟ ಪೂರ್ತಿ ಕಪ್ಪು!

"ನಾ ಓದಿ ಹೇಳ್ಲೇನಜ್ಜಾ?"

"ಬ್ಯಾಡ. ನನ್ನ ಮೊಮ್ಮಗಳು ಬರದದ್ದು ನಾನ ಓದಬೇಕು."

ಮರುದಿನ ಸ್ನಾನ, ಪೂಜೆ ಮುಗಿಸಿ ಹಠದಿಂದ ಕುಳಿತೆ. ಬೆರಳಿಟ್ಟಂತೆಲ್ಲ ಪರದೆಯ ಮೇಲೆ ಹೊಸ ಬಿಳಿ ಗೆರೆಗಳು ಹುಟ್ಟತೊಡಗಿದವು. ಯಾವುದು ಅಕ್ಷರ, ಯಾವುದು ಗೆರೆ? ನೋಡಿದರೆ ನನ್ನ ಬೆರಳಿನ ವಿಭೂತಿ! ಬಿಳಿ ಪುಟವಿದ್ದಾಗ ಇದು ಒಂದು ದಿನವೂ ಕಂಡಿರಲಿಲ್ಲ.

"ಅಜ್ಜಾ, ಓದಾಕತ್ತೀಯೋ, ಫೋನಿಗೆ ಪೂಜಿ ಮಾಡಾಕತ್ತೀಯೋ?"

ನನಗೆ ರೇಗಿಹೋಯಿತು. "ನಿನ್ನ ಕರೀ ಪರದಿಗೆ ಬೆಂಕಿ ಹಾಕ! ಅಜ್ಜ ಓದಬಾರದಂತನ ಹಿಂಗ ಮಾಡಿಯೇನ?"

ಅವಳ ನಗು ನಿಂತಿತು. ತಿರುಗಿ ಒಳಗೆ ಹೋದಳು.

ಮಧ್ಯಾಹ್ನ ಅವಳ ಕೋಣೆಯೊಳಗೆ ಇಣುಕಿದೆ. ಕಿಟಕಿ ಮುಚ್ಚಿಕೊಂಡು, ಅವಳಪ್ಪ ಬೈಕಿನಲ್ಲಿ ಹೋಗುವಾಗ ಹಾಕುವ ತಂಪು ಕನ್ನಡಕ ಏರಿಸಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಳು. ಪರದೆ ಹಾಲಿನಂತೆ ಬೆಳ್ಳಗೆ. ಅಕ್ಷರಗಳು ಅವರೆಕಾಳಿನಷ್ಟು ದಪ್ಪ!

"ಮನ್ಯಾಗ ಎಲ್ಲಿ ಬಿಸಲವ್ವಾ?"

"ಬಿಳಿ ಬೆಳಕು ನೋಡಿದ್ರ ನನಗ ತಲಿ ಸಿಡೀತೈತಜ್ಜಾ. ಹೇಳಿದ್ರ ನೀ ಗಾಬರಿ ಆಗ್ತಿ ಅಂತ ಹೇಳಿದ್ದಿಲ್ಲ. ತಡಿ, ನಿನಗ ಓದಾಕ ಬರೂವಂಗ ಮಾಡಾಕತ್ತೇನಿ."

ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಂಡು ನನ್ನ ಫೋನಿನಲ್ಲಿ ಆ ಪುಟ ತೆರೆದುಕೊಟ್ಟಳು. ನಾನು ಹೆಗಲ ಮೇಲಿನ ಟವೆಲ್ಲನ್ನು ತಲೆಗೂ ಫೋನಿಗೂ ಸೇರಿಸಿ ಹೊದ್ದುಕೊಂಡು ಒಳಗೇ ಓದತೊಡಗಿದೆ.

"ಅಜ್ಜಾ, ಒಳಗ ಅಳಾಕತ್ತೀಯೇನ?"

"ಇಲ್ಲವ್ವಾ. ನೀ ಬಗ್ಗಿ ನೋಡಬ್ಯಾಡ. ಇಲ್ಲೆ ಬೆಳಕು ಐತಿ."