ಅಂದಾನೆಪ್ಪನ ಕರುಣೆಯೂ ಪಡಸಾಲೆಯ ಹೊರಸೂ

"ಇವತ್ತಿನಿಂದ ಈ ಮನಿಯೊಳಗ ಒಂದ ಒಂದು ಜೀವಕ್ಕೂ ನೋವಾಗಬಾರದು! ಹಾಂ!"

ಮುಂಡಗೋಡದ ಕಿರಾಣಿ ವ್ಯಾಪಾರಿ ಅಂದಾನೆಪ್ಪ ಪಡಸಾಲೆಯ ನಟ್ಟನಡುವೆ ನಿಂತು ಈ ಘೋಷಣೆ ಹೊರಡಿಸಿದಾಗ ಹೆಂಡತಿ ಶಂಕ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಲ್ಲಿಸದೆಯೇ ಕೇಳಿದಳು.

"ಅದರಾಗ ನಾನೂ ಬರ್ತೇನೇನ್ರಿ?"

"ನಿಂದೊಂದು ನಡುವ! ನಾ ಜಗತ್ತಿನ ಮಾತು ಹೇಳಾಕತ್ತೇನಿ."

ಅಂದಾನೆಪ್ಪನ ಸಿಟ್ಟು ಊರಲ್ಲಿ ಹುಬ್ಬಳ್ಳಿ ಬಸ್ಸಿಗಿಂತ ಹೆಸರುವಾಸಿ. ಬಸ್ಸು ತಡವಾಗುವುದುಂಟು, ಸಿಟ್ಟು ಒಂದು ದಿನವೂ ತಡವಾದದ್ದಿಲ್ಲ! ಕಳೆದ ವರ್ಷ ಮಗಳು ಶಿವಗಂಗವ್ವನನ್ನು ನೋಡಲು ಬಂದವರು ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಎಂದಿದ್ದರು. ಸಕ್ಕರೆ ಮಾರುವವನ ಮನೆಯಲ್ಲಿ ಕೂತು! ಅಂದಾನೆಪ್ಪ ಎದ್ದು ನಿಂತು ಅವರ ಮೂರು ತಲೆಮಾರನ್ನು ಜಾಲಾಡಿದ. ಸಂಬಂಧ ಚಹಾದ ಬಟ್ಟಲಲ್ಲೇ ಮುಳುಗಿತು. ಈಗ ಹಳಿಯಾಳದಿಂದ ಇನ್ನೊಂದು ಸಂಬಂಧ ಬರುವುದಿತ್ತು. ಇದೂ ತನ್ನ ಬಾಯಿಂದಲೇ ಕೆಟ್ಟರೆ ಮಗಳಿಗೆ ಹೇಗೆ ಮುಖ ತೋರಿಸಲಿ ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಹೆದರಿಕೆಗೆ ಮದ್ದು ಕೊಟ್ಟವರು ಲಾಮಾ. ಟಿಬೆಟ್ಟಿನ ಜನ ಊರಾಚೆಯ ಕಾಡಂಚಿನಲ್ಲಿ ಬಂದು ನೆಲೆಸಿ ಎರಡು ವರ್ಷವಾಗಿತ್ತು. ಅವರ ಪೈಕಿ ಈ ಮುದುಕ ಸನ್ಯಾಸಿ ಸಂತೆಯ ದಿನ ಹಿಟ್ಟು, ಉಪ್ಪು ಒಯ್ಯಲು ಅಂಗಡಿಗೆ ಬರುತ್ತಿದ್ದರು. ಒಂದು ದಿನ ಅಂದಾನೆಪ್ಪ ಗಿರಾಕಿಯೊಬ್ಬನ ಮೇಲೆ ಎರಡು ಸೇರಿನ ತೂಕದ ಕಲ್ಲು ಎತ್ತಿದ್ದನ್ನು ಕಂಡು, ಹರುಕುಮುರುಕು ಹಿಂದಿಯಲ್ಲಿ ಉಪದೇಶ ಮಾಡಿದರು. ಸಿಟ್ಟು ಬಂದರೆ ಏನೂ ಮಾಡಬೇಡ, ಬಂತೆಂದು ಸುಮ್ಮನೆ ನೋಡು, ತಾನೇ ಹೋಗುತ್ತದೆ. ಮತ್ತೆ, ಜಗತ್ತಿನ ಪ್ರತಿ ಜೀವವೂ ಯಾವುದೋ ಒಂದು ಜನ್ಮದಲ್ಲಿ ನಿನ್ನ ತಾಯಿಯಾಗಿತ್ತು. "ಸಬ್ ಮಾ! ಔರ್ ಏಕ್ ಬಾತ್..."

"ಸಮ್‌ಜಾ! ಸಮ್‌ಜಾ!" ಎಂದು ಎಲ್ಲ ತಿಳಿದವನಂತೆ ತಲೆಯಾಡಿಸಿ, ಮಾತು ಮುಗಿಯುವ ಮೊದಲೇ ಅಂದಾನೆಪ್ಪ ಬೆಲ್ಲ ತೂಗಲು ಓಡಿದ.

ಅವನ ಕರುಣೆಯ ಮೊದಲ ಫಲಾನುಭವಿಗಳು ಮನೆಯ ತಿಗಣೆಗಳು! ಪ್ರತಿ ಅಮಾವಾಸ್ಯೆಗೆ ಶಂಕ್ರವ್ವ ಮಲಗುವ ಹೊರಸುಗಳನ್ನು ಅಂಗಳಕ್ಕೆಳೆದು, ದಬದಬ ಬಡಿದು, ಹಗ್ಗದ ಸಂದುಗಳಿಗೆ ಕುದಿಯುವ ನೀರು ಹೊಯ್ಯುವ ವಾಡಿಕೆ. ಈ ಸಲ ಗಂಡ ಕೈ ಅಗಲಿಸಿ ಹೊರಸಿಗೆ ಅಡ್ಡ ನಿಂತ.

"ಹಾಕಬ್ಯಾಡ! ಇದರಾಗ ಹಿಂದಿನ ಜನ್ಮದ ನಮ್ಮವ್ವ ಇದ್ದರ?"

"ಇದ್ದರೂ ಇರಬಹುದ್ರಿ. ಕಡಿಯೂ ರೀತಿ ನಮ್ಮತ್ತೀದ ಐತಿ."

ಅಂದಾನೆಪ್ಪನ ಮೂಗು ಕೆಂಪಾಯಿತು. ಕಣ್ಣು ಮುಚ್ಚಿದ. "ಬಂತು... ನೋಡಾಕತ್ತೇನಿ... ಹೋತು!" ಎಂದು ಗೆಲುವಿನಿಂದ ಕಣ್ಣು ತೆರೆದ.

ಅಭಯ ಸಿಕ್ಕಿದ ತಿಗಣೆಗಳು ಮಕ್ಕಳು ಮೊಮ್ಮಕ್ಕಳನ್ನು ಕಂಡವು. ಮೂರನೆಯ ದಿನದಿಂದ ಅಂದಾನೆಪ್ಪ ಮಾತ್ರ, "ಮಾಲಿಗೆ ಕಾವಲು ಬೇಕು," ಎಂದು ಅಂಗಡಿಯ ಚೀಲಗಳ ಮೇಲೆ ಮಲಗತೊಡಗಿದ.

ಹಳಿಯಾಳದವರು ಬಂದೇ ಬಿಟ್ಟರು. ವರ ಸಾತಪ್ಪ, ಜೊತೆಗೆ ಅವನ ಅಜ್ಜಿ ಕಾಶೆವ್ವ. ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯ ಮಾತು. ಅಂದಾನೆಪ್ಪ ಅವರನ್ನು ಬಹಳ ಮರ್ಯಾದೆಯಿಂದ ಪಡಸಾಲೆಯ ದೊಡ್ಡ ಹೊರಸಿನ ಮೇಲೆಯೇ ಕೂರಿಸಿದ! ಶಿವಗಂಗವ್ವ ಚಹಾ ತಂದಳು. ಕಾಶೆವ್ವನ ಕಣ್ಣು ಬಟ್ಟಲಿನ ಮೇಲಿರಲಿಲ್ಲ, ಹುಡುಗಿಯ ಕೈಮೇಲಿನ ಕೆಂಪು ಗಂದೆಗಳ ಮೇಲಿತ್ತು. ಅಜ್ಜಿ ಮೊಮ್ಮಗನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. "ಕಜ್ಜಿ" ಎಂಬ ಮಾತು ಶಂಕ್ರವ್ವನಿಗೆ ಕೇಳಿಸಿತು.

ಅಷ್ಟರಲ್ಲಿ ವರ ಕೂತಲ್ಲೇ ಮಿಸುಕಾಡಿದ. ಬೆನ್ನು ಕೆರೆದ. ತೊಡೆ ಕೆರೆದ. ಕಾಶೆವ್ವ ಸೀರೆಯ ನಿರಿಗೆಯಿಂದ ಏನನ್ನೋ ಹೆಕ್ಕಿ, ಎರಡು ಉಗುರುಗಳ ನಡುವೆ ಹಿಡಿದಳು.

"ಕೊಲ್ಲಬ್ಯಾಡ್ರಿ!" ಅಂದಾನೆಪ್ಪ ಚೀರಿದ. "ಅದು ನಮ್ಮವ್ವ ಇರಬಹುದು!"

ಕಾಶೆವ್ವ ತಿಗಣೆಯನ್ನು ಹಾಗೆಯೇ ಹಿಡಿದುಕೊಂಡು ಅವನತ್ತ ತಿರುಗಿದಳು.

"ನಿಮ್ಮವ್ವ ಆದ್ರ ಆಗವಲ್ಲಳ್ಯಾಕ," ಎಂದಳು ಕಾಶೆವ್ವ, "ನನ್ನ ಸೀರಿಯೊಳಗ ಆಕೀಗೇನು ಕೆಲಸ? ಬೀಗರನ್ನ ಕೂಡಸೂ ಜಾಗಾ ಏನ್ರೀ ಇದು? ನೀವು ಮನಷ್ಯಾರೋ ಏನೋ!"

ಇಂಥ ಮಾತು! ಅದೂ ಅವನದೇ ಪಡಸಾಲೆಯಲ್ಲಿ! ಅಂದಾನೆಪ್ಪ ಎದ್ದು ನಿಂತ. ಕಿವಿ ಕೆಂಪಾದವು. ಬಾಗಿಲ ಮರೆಯಲ್ಲಿದ್ದ ಶಿವಗಂಗವ್ವ ಕಣ್ಣು ಮುಚ್ಚಿಕೊಂಡಳು. ಕಳೆದ ವರ್ಷವೂ ಅಪ್ಪ ಹೀಗೆಯೇ ಎದ್ದು ನಿಂತಿದ್ದ.

"ಬಂತು..." ಎಂದ ಅಂದಾನೆಪ್ಪ. ಬೆವರು ಇಳಿಯಿತು. "ನೋಡಾಕತ್ತೇನಿ..." ಎಲ್ಲರೂ ನೋಡುತ್ತಿದ್ದರು. "ಹೋತ್ರಿ. ಪೂರಾ ಹೋತು. ಅವ್ವಾರ, ನನ್ನದು ತಪ್ಪಾತು. ತಗಣಿ ಸಾಕಿದಾಂವ ನಾನ."

ಕಾಶೆವ್ವ ಉಗುರು ತುದಿಯ ತಿಗಣೆಯನ್ನೂ ಅವನನ್ನೂ ಒಂದೊಂದು ಸಲ ನೋಡಿ ಗಹಗಹಿಸಿ ನಕ್ಕಳು. "ಹುಡುಗೀಗೆ ಕಜ್ಜಿ ಐತಿ ಅಂತ ಎದ್ದು ಹೋಗಾಕಿದ್ದೆ ನಾ! ತಗಣಿ ಅಂದ್ರ ನಮ್ಮ ಮನಿಯಾಗೂ ಅದಾವ. ನಿಮ್ಮ ಸಿಟ್ಟಿನ ಸುದ್ದಿ ಹಳಿಯಾಳತನಕ ಬಂದಿತ್ತು, ಬೇಕಂತ ಕೆಣಕಿ ನೋಡಿದೆ. ಸಂಬಂಧ ಆತು ಅಂತ ತಿಳೀರಿ. ಆದ್ರ ಮದವಿಗೆ ಈ ಹೊರಸು ಹಾಕಬ್ಯಾಡ್ರಿ!"

ಬೀಗರ ಬಸ್ಸು ಹೊರಟದ್ದೇ ತಡ, ಅಂದಾನೆಪ್ಪ ಎದೆ ಉಬ್ಬಿಸಿದ. "ನೋಡಿದಿ? ಕರುಣಾ ಗೆದ್ದಿತು!"

ಶಂಕ್ರವ್ವ ಕುಪ್ಪಸದ ತೋಳನ್ನು ಮೇಲೆ ಸರಿಸಿ ಅವನ ಮುಂದೆ ಹಿಡಿದಳು. ಮೊಣಕೈಯಿಂದ ಭುಜದವರೆಗೆ ಒಂದು ಬೆರಳಿಡಲೂ ಜಾಗವಿರಲಿಲ್ಲ. "ಅವತ್ತ ಕೇಳಿದ್ನೆಲ್ರಿ, ಅದರಾಗ ನಾನೂ ಬರ್ತೇನೇನು ಅಂತ."

ಅಂದಾನೆಪ್ಪನಿಗೆ ನಾಚಿಕೆಯಾಯಿತು. ಹದಿನೈದು ದಿನ ತಿಗಣೆಯ ನೋವು ಯೋಚಿಸಿದವನು ಹೆಂಡತಿ ನಿದ್ದೆ ಮಾಡಿದಳೋ ಇಲ್ಲವೋ ಎಂದು ಒಮ್ಮೆಯೂ ಕೇಳಿರಲಿಲ್ಲ. ತಾನೇ ಹೊರಸು ಹೊತ್ತು ಅಂಗಳಕ್ಕೆ ನಡೆದ.

ಮುಂದಿನ ಸಂತೆಗೆ ಲಾಮಾ ಬಂದಾಗ ಅಳುಕುತ್ತ ಕೇಳಿದ. ನಿಮ್ಮಲ್ಲಿ ತಿಗಣೆ ಇಲ್ಲವೇ? ಅವಕ್ಕೆ ಏನು ಮಾಡುತ್ತೀರಿ?

ಲಾಮಾ ನಕ್ಕರು. ಹಾಸಿಗೆಯನ್ನು ದಿನವೂ ಬಿಸಿಲಿಗೆ ಹಾಕುತ್ತೇವೆ, ಅವು ಬರುವುದೇ ಇಲ್ಲ ಎಂದು ಕೈಸನ್ನೆಯಲ್ಲೇ ತಿಳಿಸಿದರು. ಅಂದು ಅರ್ಧಕ್ಕೆ ನಿಂತ ಮಾತನ್ನೂ ಈಗ ಪೂರ್ತಿ ಮಾಡಿದರು. ಕರುಣೆಯನ್ನು ಎಲ್ಲಕ್ಕೂ ಮೊದಲು ಮನೆಯವರಿಂದ, ಅದರಲ್ಲೂ ಹೆಂಡತಿಯಿಂದ ಶುರು ಮಾಡಬೇಕು. "ಪೆಹಲೇ ಘರ್‌ವಾಲೀ!"

ಅಂದಾನೆಪ್ಪ ತಲೆ ತಗ್ಗಿಸಿ ಹಿಟ್ಟು ತೂಗತೊಡಗಿದ. ಚೀಲಗಳ ಹಿಂದಿನಿಂದ ಶಂಕ್ರವ್ವನ ದನಿ ಬಂತು.

"ಸಮ್‌ಜಾ ಏನ್ರಿ?"